ಗೆಡ್ಡೆಯೊಳಗೆ ಕೂತು ಬರುವ ನಂಜು: ಹೊರದೇಶದ ಆಲೂಗಡ್ಡೆ ವೈರಸ್ಸಿನ ಅಪಾಯ ಅಳೆಯುವುದು ಹೇಗೆ

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಬರೆದ ಒಂದು ವರದಿ ಈಗಲೂ ನನ್ನ ಡ್ರಾಯರ್‌ನಲ್ಲಿದೆ. ಪೊಟ್ಯಾಟೊ ವೈರಸ್ ಟಿ, ಚಿಕ್ಕದಾಗಿ ಪಿವಿಟಿ ಬಗ್ಗೆ ಬರೆದದ್ದು. ಆಂಡೀಸ್ ಬೆಟ್ಟಸಾಲಿನ ವೈರಸ್ ಅದು. ಹೆಚ್ಚಿನ ಆಲೂಗಡ್ಡೆ ಗಿಡಗಳಲ್ಲಿ ಲಕ್ಷಣವನ್ನೇ ತೋರಿಸುವುದಿಲ್ಲ. ಅದನ್ನು ಹೊತ್ತು ತಿರುಗುವ ಕೀಟ ಯಾವುದೂ ಗೊತ್ತಾಗಿಲ್ಲ. ‘ವಾಹಕ ಕೀಟ ಇಲ್ಲ, ಹಾಗಾಗಿ ಹರಡುವ ಸಾಧ್ಯತೆ ತೀರಾ ಕಡಿಮೆ’ ಅಂತ ಬರೆದು, ಒಳಗೊಳಗೇ ಬೀಗುತ್ತಾ ಮೇಡಂ ಮೇಜಿನ ಮೇಲಿಟ್ಟು ಬಂದೆ. ಮಾರನೆಯ ದಿನ ಫೈಲ್ ವಾಪಸ್ ಬಂತು. ಆ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಒಂದೇ ಮಾತು: ‘ಕೀಟ ಯಾಕ್ರೀ ಬೇಕು? ಗೆಡ್ಡೆ ಸಾಲದಾ?’

ಹೊರದೇಶದ ಆಲೂಗಡ್ಡೆ ವೈರಸ್ಸಿನ ಅಪಾಯ ಅಳೆಯೋದು ಅಂದ್ರೆ ಅರ್ಧಕ್ಕರ್ಧ ಆ ಪೆನ್ಸಿಲ್ ಸಾಲನ್ನು ಅರ್ಥ ಮಾಡಿಕೊಳ್ಳೋದು. ಆಲೂಗಡ್ಡೆಯನ್ನು ನಾವು ಬೀಜದಿಂದ ಬೆಳೆಯುವುದು ಅಪರೂಪ. ಗೆಡ್ಡೆಯನ್ನೇ ನೆಡುತ್ತೇವೆ. ತಾಯಿ ಗಿಡದಲ್ಲಿದ್ದ ವೈರಸ್ ಗೆಡ್ಡೆಯಲ್ಲಿ ಕೂತು ಮರಿ ಗಿಡಕ್ಕೆ ಇಳಿಯುತ್ತದೆ. ಒಂದು ಗೆಡ್ಡೆ ನೆಟ್ಟರೆ ಹತ್ತು ಬರುತ್ತವೆ ಅಂತ ಇಟ್ಟುಕೊಳ್ಳಿ. ಸೋಂಕಿರುವ ಒಂದು ಗೆಡ್ಡೆ ಬಂತು, ಯಾರೂ ಗಮನಿಸಲಿಲ್ಲ, ಅದರ ಮಕ್ಕಳನ್ನೆಲ್ಲ ಮತ್ತೆ ಬಿತ್ತನೆಗೆ ಇಟ್ಟರು. ಮೊದಲ ಬೆಳೆಗೆ ಹತ್ತು, ಎರಡನೆಯದಕ್ಕೆ ನೂರು, ಮೂರನೆಯದಕ್ಕೆ ಸಾವಿರ. ಒಂದು ಗಿಡಹೇನೂ ಹಾರಲಿಲ್ಲ, ಒಂದು ನೊಣವೂ ಕೂರಲಿಲ್ಲ. ಮನುಷ್ಯರೇ ಗಾಡಿ ತುಂಬಿಸಿ ಊರೂರಿಗೆ ಹಂಚಿರುತ್ತಾರೆ.

ಮೊದಲು, ನಿಮ್ಮ ಕೈಗೆ ಬಂದಿದ್ದೇನು?

ಫೈಲ್ ತೆರೆದ ಕೂಡಲೇ ವೈರಸ್ಸಿನ ಹೆಸರಿಗೆ ಹೋಗಬೇಡಿ. ಏನು ಬರುತ್ತಿದೆ, ಬಂದ ಮೇಲೆ ಏನಾಗುತ್ತದೆ ಅಂತ ಕೇಳಿ. ಬಿತ್ತನೆ ಗೆಡ್ಡೆ ಬಂದರೆ ಅದು ನೇರ ಮಣ್ಣಿಗೆ ಹೋಗುತ್ತದೆ. ತಿನ್ನುವ ಗೆಡ್ಡೆ ಅಡುಗೆಮನೆಗೋ ಚಿಪ್ಸ್ ಕಾರ್ಖಾನೆಗೋ ಹೋಗುತ್ತದೆ, ಆದರೆ ಮೊಳಕೆ ಬಂದದ್ದನ್ನು ಯಾರಾದರೂ ಹಿತ್ತಲಲ್ಲಿ ಊರಬಹುದು, ಸಿಪ್ಪೆ ಮತ್ತು ತೊಳೆದ ಮಣ್ಣು ಹೊಲಕ್ಕೆ ಬೀಳಬಹುದು. ಗಾಜಿನ ನಳಿಗೆಯಲ್ಲಿ ಬೆಳೆಸಿದ ಅಂಗಾಂಶ ಕೃಷಿ ಸಸಿ ಬಂದರೆ ಕೀಟ, ಮಣ್ಣು, ಜಂತುಹುಳುವಿನ ಚಿಂತೆ ಇಲ್ಲ. ವೈರಸ್ಸಿನ ಚಿಂತೆ ಮಾತ್ರ ಹಾಗೇ ಇರುತ್ತದೆ. ನಳಿಗೆ ಸ್ವಚ್ಛ ಅಂದರೆ ಬ್ಯಾಕ್ಟೀರಿಯಾ, ಬೂಷ್ಟು ಇಲ್ಲ ಅಂತ ಅಷ್ಟೇ. ಹೊಸಬರು ಇಲ್ಲಿ ತುಂಬಾ ಸಲ ಎಡವುತ್ತಾರೆ.

ಇನ್ನೊಂದು ದಾರಿ ಇದೆ, ಜಾಸ್ತಿ ಜನಕ್ಕೆ ನೆನಪಾಗುವುದಿಲ್ಲ. ಆಲೂಗಡ್ಡೆಯ ನಿಜವಾದ ಬೀಜ, ಅಂದರೆ ಗಿಡದ ಮೇಲೆ ಬಿಡುವ ಸಣ್ಣ ಹಸಿರು ಕಾಯಿಯೊಳಗಿನ ಬೀಜ. ‘ವೈರಸ್ ಬೀಜದಲ್ಲಿ ಬರಲ್ಲ, ಅದಕ್ಕೇ ತಳಿ ವಿಜ್ಞಾನಿಗಳಿಗೆ ಬೀಜ ತರಿಸಿಕೊಳ್ಳೋದು ಸುರಕ್ಷಿತ’ ಅನ್ನೋ ಮಾತಿದೆ. ಎಲೆಮುದುರು ರೋಗದ ವೈರಸ್ಸಿಗೆ, ಪಿವಿವೈಗೆ (ಪೊಟ್ಯಾಟೊ ವೈರಸ್ ವೈ) ಅದು ಸರಿ. ಆದರೆ ಪಿವಿಟಿ ಬೀಜದಲ್ಲೂ ಬರುತ್ತದೆ, ಪರಾಗದಲ್ಲೂ ಬರುತ್ತದೆ. ಗೆಡ್ಡೆಯನ್ನು ಕದಿರಿನ ಹಾಗೆ ಚೂಪು ಮಾಡುವ ಸ್ಪಿಂಡಲ್ ಟ್ಯೂಬರ್ ವೈರಾಯ್ಡ್ (ವೈರಸ್ಸಿಗಿಂತಲೂ ಸಣ್ಣ ರೋಗಕಾರಿ) ಕೂಡ ಹಾಗೇ. ನನ್ನ ಹಳೆ ವರದಿಯಲ್ಲಿ ಬೀಜದ ದಾರಿಯ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ತರಿಸಿಕೊಳ್ಳಲು ಅರ್ಜಿ ಬಂದಿದ್ದು ಬೀಜಕ್ಕೇ!

ಕ್ವಾರಂಟೈನ್ ಅನ್ನಿಸಿಕೊಳ್ಳಲು ಏನಿರಬೇಕು

ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದದ ಅಡಿಯಲ್ಲಿ ಇದಕ್ಕೆಲ್ಲ ಐಎಸ್‌ಪಿಎಂ ಅನ್ನುವ ಮಾನದಂಡಗಳಿವೆ. ಅಪಾಯ ವಿಶ್ಲೇಷಣೆಗೆ ಐಎಸ್‌ಪಿಎಂ 2 ಮತ್ತು 11 ಓದಿ. ಅಂಗಾಂಶ ಕೃಷಿಯ ಆಲೂಗಡ್ಡೆ ಸಸಿ, ಕಿರುಗೆಡ್ಡೆಗಳಿಗೆಂದೇ ಐಎಸ್‌ಪಿಎಂ 33 ಇದೆ. ಸಾರಾಂಶ ಇಷ್ಟು: ಗಡಿಯಲ್ಲೇ ತಡೆಯಬೇಕಾದ ‘ಕ್ವಾರಂಟೈನ್ ಪೀಡೆ’ ಅನ್ನಿಸಿಕೊಳ್ಳಲು ಅದು ನಿಮ್ಮ ಪ್ರದೇಶದಲ್ಲಿ ಇರಬಾರದು, ಇದ್ದರೂ ವ್ಯಾಪಕವಾಗಿ ಹರಡಿರಬಾರದು ಮತ್ತು ಸರ್ಕಾರ ಅದನ್ನು ಹತೋಟಿಯಲ್ಲಿಡಲು ಕೆಲಸ ಮಾಡುತ್ತಿರಬೇಕು. ಬಂದರೆ ಆರ್ಥಿಕವಾಗಿ ಹೊಡೆತ ಕೊಡುವಂತಿರಬೇಕು. ಎಲ್ಲ ಕಡೆ ಆಗಲೇ ಇರುವ ವೈರಸ್ಸನ್ನು ಕ್ವಾರಂಟೈನ್ ಪಟ್ಟಿಗೆ ಹಾಕಿ ಹೊರಗಿನವರ ಮಾಲು ತಡೆಯುವ ಹಾಗಿಲ್ಲ. ಬಿತ್ತನೆ ಗೆಡ್ಡೆಯಲ್ಲಿ ಇಂತಿಷ್ಟಕ್ಕಿಂತ ಜಾಸ್ತಿ ಇರಬಾರದು ಅಂತ ಮಿತಿ ಹಾಕಬಹುದು. ಅದು ಬೇರೆಯೇ ವರ್ಗ, ಐಎಸ್‌ಪಿಎಂ 21 ನೋಡಿ.

‘ನಮ್ಮಲ್ಲಿ ಇಲ್ಲ’ ಅನ್ನೋದನ್ನು ಬರೆಯುವ ಮುಂಚೆ ಸ್ವಲ್ಪ ನಿಲ್ಲಿ. ಯಾರು ಹುಡುಕಿದರು? ಯಾವ ಪರೀಕ್ಷೆಯಿಂದ? ಲಕ್ಷಣ ತೋರಿಸದ ವೈರಸ್ಸನ್ನು ಕಣ್ಣಲ್ಲಿ ನೋಡಿ ಇಲ್ಲ ಅಂದರೆ ಅದಕ್ಕೆ ಬೆಲೆ ಇಲ್ಲ. ‘ವರದಿಯಾಗಿಲ್ಲ’ ಮತ್ತು ‘ಇಲ್ಲ’ ಎರಡಕ್ಕೂ ನನ್ನ ಫೈಲ್‌ನಲ್ಲಿ ಬೇರೆ ಬೇರೆ ಕಾಲಂ ಇದೆ.

ಹೆಸರು ಒಂದೇ, ಬುದ್ಧಿ ಬೇರೆ ಅನ್ನುವಂಥ ವೈರಸ್‌ಗಳೂ ಇವೆ. ಪಿವಿಎಸ್ (ಪೊಟ್ಯಾಟೊ ವೈರಸ್ ಎಸ್) ಎಲ್ಲೆಡೆ ಇರುವ ಬಡಪಾಯಿ ವೈರಸ್. ಆದರೆ ಅದರ ಆಂಡಿಯನ್ ಬಗೆಯನ್ನು ಬೇರೆಯಾಗಿಯೇ ನೋಡಬೇಕು. ಕಿನೋವಾ ಗಿಡಕ್ಕೆ ಸಾಮಾನ್ಯ ಪಿವಿಎಸ್ ಇರುವ ರಸ ಉಜ್ಜಿದರೆ ಉಜ್ಜಿದ ಎಲೆಯಲ್ಲಷ್ಟೇ ಚುಕ್ಕೆ ಬರುತ್ತದೆ, ಆಂಡಿಯನ್ ಬಗೆ ಉಜ್ಜಿದರೆ ಗಿಡಪೂರ್ತಿ ಹತ್ತುತ್ತದೆ. ಪಿವಿವೈ ಕಥೆಯೂ ಅದೇ. ಹಳೆ ಬಗೆಗಳು ಎಲ್ಲ ಕಡೆ ಇದ್ದಾಗಲೇ 1980ರ ದಶಕದಲ್ಲಿ ಹಂಗೇರಿಯಿಂದ ಗೆಡ್ಡೆಯ ಮೇಲೆ ಕಂದು ಉಂಗುರ ಎಬ್ಬಿಸುವ ಬಗೆಯ ಸುದ್ದಿ ಬಂತು. ಎನ್‌ಟಿಎನ್ ಅಂತ ಅದಕ್ಕೆ ಹೆಸರು. ಆಮೇಲೆ ಅದು ಲೋಕವೆಲ್ಲ ಸುತ್ತಿತು. ‘ಪಿವಿವೈ ನಮ್ಮಲ್ಲಿದೆ, ಹಾಗಾಗಿ ಮೌಲ್ಯಮಾಪನ ಬೇಡ’ ಅಂತ ಫೈಲ್ ಮುಚ್ಚಿದವರಿಗೆ ಆ ಬಗೆ ಒಳಗೆ ಬಂದದ್ದು ಗೊತ್ತೇ ಆಗಿರುವುದಿಲ್ಲ. ಹಾಗಾಗಿ ಹೆಸರಿನ ಪಕ್ಕದಲ್ಲಿ ಯಾವ ಬಗೆ ಅನ್ನೋದನ್ನೂ ಬರೆಯಿರಿ.

ಒಂದನ್ನು ಹತ್ತಿರದಿಂದ ನೋಡೋಣ

ಪೊಟ್ಯಾಟೊ ಯೆಲ್ಲೋ ವೇನ್ ವೈರಸ್, ಚಿಕ್ಕದಾಗಿ ಪಿವೈವಿವಿ. ಕೊಲಂಬಿಯಾ, ಈಕ್ವೆಡಾರ್, ಪೆರು, ವೆನೆಜುವೆಲಾದಲ್ಲಿ ಇದೆ. ಮೊದಲು ಎಲೆಯ ಸಣ್ಣ ನರಗಳು ಹಳದಿಯಾಗುತ್ತವೆ, ಬಲೆ ಹಾಸಿದ ಹಾಗೆ. ಆಮೇಲೆ ಎಲೆಯೇ ಹಳದಿಗೆ ತಿರುಗುತ್ತದೆ. ಅಷ್ಟು ಚೆಂದವಾಗಿ ಕಾಣುವ ರೋಗ, ಸುಲಭವಾಗಿ ಹಿಡಿಯಬಹುದಲ್ವಾ ಅನ್ನಿಸುತ್ತದೆ. ಆದರೆ ಬಂದರಿನಲ್ಲಿ ನೀವು ನೋಡುವುದು ಎಲೆಯನ್ನಲ್ಲ, ಗೆಡ್ಡೆಯನ್ನು. ಗೆಡ್ಡೆಯ ಮೇಲೆ ಗುರುತೇ ಇಲ್ಲ. ಸೋಂಕಿದ ಗೆಡ್ಡೆಯಿಂದ ಎದ್ದ ಗಿಡ ಕೂಡ ಕೆಲವೊಮ್ಮೆ ಹಸಿರಾಗೇ ಇರುತ್ತದೆ.

ಒಳಗೆ ಬರುವ ಸಾಧ್ಯತೆ: ಗೆಡ್ಡೆಯಲ್ಲಿ ಸಲೀಸಾಗಿ ಬರುತ್ತದೆ. ಆ ನಾಡಿನಿಂದ ಬಿತ್ತನೆ ಗೆಡ್ಡೆ ತರಿಸದಿದ್ದರೆ ದಾರಿ ಕಿರಿದಾಗುತ್ತದೆ. ಸಂಶೋಧನೆಗೆ ಅಂತ ಒಂದು ಚೀಲ ಬರುವುದೂ ದಾರಿಯೇ. ಆಲೂಗಡ್ಡೆ ಹುಟ್ಟಿದ್ದೇ ಆಂಡೀಸ್‌ನಲ್ಲಿ, ತಳಿ ಸಂಪತ್ತು ಇರುವುದೂ ಅಲ್ಲೇ. ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಪೆರುವಿನ ಲಿಮಾದಲ್ಲಿರುವುದು ಸುಮ್ನೆ ಅಲ್ಲ. ತಳಿ ಬೇಕು ಅನ್ನುವವರು ಆ ಕಡೆಗೇ ಕೈ ಚಾಚುತ್ತಾರೆ. ಪರೀಕ್ಷೆ ಮಾಡಿ ಶುದ್ಧ ಅಂತ ಖಚಿತಪಡಿಸಿದ ನಳಿಗೆ ಸಸಿಯ ರೂಪದಲ್ಲಿ ಬಂದರೆ ಸರಿ. ಯಾರದೋ ಸೂಟ್‌ಕೇಸಿನಲ್ಲಿ ನಾಲ್ಕು ಬಣ್ಣದ ಗೆಡ್ಡೆ ಬಂದರೆ ನಿಮ್ಮ ಇಡೀ ಫೈಲ್ ನೀರಿನಲ್ಲಿ ಹೋಮ.

ನೆಲೆ ನಿಲ್ಲುವ ಸಾಧ್ಯತೆ: ಆಲೂಗಡ್ಡೆ ವೈರಸ್‌ಗಳಲ್ಲಿ ನಾನು ಇಲ್ಲಿ ಹೆಚ್ಚು ಹೊತ್ತು ಕಳೆಯುವುದಿಲ್ಲ. ಗಿಡ ಎಲ್ಲಿ ಬದುಕುತ್ತದೋ ಅಲ್ಲಿ ಗಿಡದೊಳಗಿನ ವೈರಸ್ಸೂ ಬದುಕುತ್ತದೆ. ಆಲೂಗಡ್ಡೆ ಬೆಳೆಯುವ ಪ್ರದೇಶ ಅಂದರೆ ಮುಗಿಯಿತು.

ಹರಡುವ ಸಾಧ್ಯತೆ: ಇಲ್ಲಿ ನಿಧಾನಿಸಿ. ಪಿವೈವಿವಿಯನ್ನು ಒಯ್ಯುವುದು ಹಸಿರುಮನೆಯ ಬಿಳಿನೊಣ, ಟ್ರಯಲ್ಯೂರೋಡಿಸ್ ವೆಪೊರೇರಿಯೋರಮ್. ಈ ನೊಣ ಲೋಕದ ಎಷ್ಟೋ ಹಸಿರುಮನೆಗಳಲ್ಲಿ ಆಗಲೇ ಬಿಡಾರ ಹೂಡಿದೆ. ಅಂದರೆ ವೈರಸ್ ಬಂದ ದಿನ ಅದನ್ನು ಹೊರುವವರು ಬಾಗಿಲಲ್ಲೇ ನಿಂತಿರುತ್ತಾರೆ. ಆದರೆ ಬರೀ ‘ಬಿಳಿನೊಣ ಇದೆ’ ಅಂತ ಬರೆದರೆ ಸಾಲದು. ಹಸಿರುಮನೆಯ ನೊಣಕ್ಕೆ ಸ್ವಲ್ಪ ತಂಪು ಇಷ್ಟ, ಇನ್ನೊಂದು ಬಿಳಿನೊಣ ಬೆಮಿಸಿಯಾ ಟಬಾಸಿಗೆ ಬಿಸಿಲು ಇಷ್ಟ. ನಿಮ್ಮ ಹೊಲಗಳಲ್ಲಿ ಇರುವುದು ಯಾವುದು? ಆಲೂಗಡ್ಡೆ ಗಿಡದ ಮೇಲೆ ಅದು ಕೂರುತ್ತದಾ, ಬೆಳೆಯ ಯಾವ ಹಂತದಲ್ಲಿ? ಪಕ್ಕದಲ್ಲಿ ಟೊಮೆಟೊ ಇದೆಯಾ? ಈ ವೈರಸ್ ಟೊಮೆಟೊದಲ್ಲೂ ಸಿಕ್ಕಿದೆ. ಇದಕ್ಕೆ ಉತ್ತರ ಪುಸ್ತಕದಲ್ಲಿ ಸಿಗುವುದಿಲ್ಲ. ಕೀಟ ವಿಭಾಗದವರ ಹತ್ತಿರ ಹೋಗಿ ಕೂರಬೇಕು.

ಹೊಡೆತ: ಇಳುವರಿ ಬೀಳುತ್ತದೆ, ಸರಿ. ಆದರೆ ಅದಕ್ಕಿಂತ ಮುಖ್ಯ ಬಿತ್ತನೆ ವ್ಯವಸ್ಥೆಗೆ ಬೀಳುವ ಪೆಟ್ಟು. ಒಂದು ಬಿತ್ತನೆ ಹೊಲದಲ್ಲಿ ಸಿಕ್ಕರೆ ಪ್ರಮಾಣಪತ್ರ ರದ್ದಾಗುತ್ತದೆ, ಪರೀಕ್ಷೆಯ ಖರ್ಚು ಏರುತ್ತದೆ, ಕೊಳ್ಳುವ ದೇಶಗಳು ಬಾಗಿಲು ಮುಚ್ಚುತ್ತವೆ.

ಕೀಟದ ಬಗ್ಗೆ ಇನ್ನೊಂದು ಮಾತು. ಯಾವ ಕೀಟ ಅನ್ನುವಷ್ಟೇ ಮುಖ್ಯ ಅದು ಹೇಗೆ ಒಯ್ಯುತ್ತದೆ ಅನ್ನೋದು. ಪಿವಿವೈಯನ್ನು ಗಿಡಹೇನು ಕೆಲವು ಸೆಕೆಂಡುಗಳ ಚುಚ್ಚಿನಲ್ಲೇ ಎತ್ತಿಕೊಂಡು ಪಕ್ಕದ ಗಿಡಕ್ಕೆ ದಾಟಿಸುತ್ತದೆ. ಕೀಟನಾಶಕ ಅದನ್ನು ಕೊಲ್ಲುವ ಹೊತ್ತಿಗೆ ಕೆಲಸ ಆಗಿಹೋಗಿರುತ್ತದೆ. ಎಲೆಮುದುರು ವೈರಸ್ಸಿಗೆ ಹಾಗಲ್ಲ, ಹೇನು ಗಂಟೆಗಟ್ಟಲೆ ಕೂತು ಹೀರಬೇಕು, ಆಮೇಲೆ ಸಾಯುವ ತನಕ ಹೊತ್ತು ತಿರುಗುತ್ತದೆ. ಅಲ್ಲಿ ಸಿಂಪಡಣೆಗೆ ಅರ್ಥವಿದೆ. ಆಲೂಗಡ್ಡೆಯ ಮಾಪ್‌ಟಾಪ್ ವೈರಸ್ ಇನ್ನೂ ಬೇರೆ. ಗೆಡ್ಡೆಗೆ ಪುಡಿಕಜ್ಜಿ ತರುವ ಸ್ಪಾಂಗೋಸ್ಪೊರಾ ಎಂಬ ಮಣ್ಣಿನ ಜೀವಿ ಅದನ್ನು ಬೇರಿಗೆ ಮುಟ್ಟಿಸುತ್ತದೆ. ಆ ಜೀವಿಯ ಬೀಜಾಣುಗಳೊಳಗೆ ವೈರಸ್ ಹತ್ತು ವರ್ಷಕ್ಕೂ ಮೀರಿ ಮಣ್ಣಲ್ಲಿ ಕಾಯಬಲ್ಲದು. ಅದು ಒಮ್ಮೆ ಹೊಲಕ್ಕೆ ಇಳಿದರೆ ತೆಗೆಯೋದು ಹೇಗೆ ಅಂತ ನನ್ನನ್ನು ಕೇಳಬೇಡಿ. ಹಾಗಾಗಿ ‘ಹೊರದಬ್ಬಲು ಸಾಧ್ಯವಾ’ ಅನ್ನೋ ಪ್ರಶ್ನೆಗೆ ನಾನು ಹೊಡೆತದ ಜೊತೆಯಲ್ಲೇ ಜಾಗ ಕೊಡುತ್ತೇನೆ.

ಪರೀಕ್ಷೆ ‘ಇಲ್ಲ’ ಅಂದಾಗ

ನನ್ನ ಇನ್ನೊಂದು ಎಡವಟ್ಟು. ಒಂದು ಸಲ ಹೊರಗಿನಿಂದ ಬಂದ ಗೆಡ್ಡೆಗಳನ್ನು ಬಂದ ವಾರವೇ ಕೊರೆದು, ರಸ ತೆಗೆದು ಎಲೈಸಾ (ವೈರಸ್ಸಿನ ಪ್ರೋಟೀನನ್ನು ಹಿಡಿದು ಬಣ್ಣದಿಂದ ತೋರಿಸುವ ಪರೀಕ್ಷೆ) ಮಾಡಿದೆವು. ಪರೀಕ್ಷೆಯ ತಟ್ಟೆಯ ಬಾವಿಗಳಲ್ಲಿ, ಅಂದರೆ ಸಣ್ಣ ಗುಳಿಗಳಲ್ಲಿ, ಎಲ್ಲೂ ಹಳದಿ ಬಣ್ಣ ಏರಲಿಲ್ಲ. ಖುಷಿಯಾಯಿತು. ಮೇಡಂ ಒಪ್ಪಲಿಲ್ಲ. ‘ಗೆಡ್ಡೆ ಇನ್ನೂ ಮಲಗಿದೆ ಕಣ್ರೀ, ಎಬ್ಬಿಸಿ ಕೇಳಿ’ ಅಂದರು. ಕಣ್ಣುಗಳನ್ನು ಕೊರೆದು ತೆಗೆದು, ಮೊಳಕೆ ಎಬ್ಬಿಸುವ ಜಿಬ್ಬರೆಲಿಕ್ ಆಮ್ಲದಲ್ಲಿ ಅದ್ದಿ, ಕೀಟ ಬಾರದ ಮನೆಯಲ್ಲಿ ನೆಟ್ಟೆವು. ಕೆಲವು ವಾರಗಳ ನಂತರ ಎಲೆಯಿಂದ ಮತ್ತೆ ಎಲೈಸಾ ಮಾಡಿದರೆ ಮೂರು ಬಾವಿಗಳಲ್ಲಿ ಬಣ್ಣ ಬಂತು, ಪಿವಿವೈ. ನಿದ್ದೆಯಲ್ಲಿರುವ ಗೆಡ್ಡೆಯಲ್ಲಿ ವೈರಸ್ ಎಷ್ಟೋ ಸಲ ಎಲೈಸಾಗೆ ಸಿಗದಷ್ಟು ಕಡಿಮೆ ಇರುತ್ತದೆ. ಅಂದಿನಿಂದ ಯಾವುದೇ ‘ಪರೀಕ್ಷೆ ಆಗಿದೆ’ ಪತ್ರ ಬಂದರೂ ನಾನು ಮೊದಲು ಹುಡುಕುವುದು ಪರೀಕ್ಷೆಗೆ ಕೊಟ್ಟದ್ದು ಗೆಡ್ಡೆಯೋ ಎಲೆಯೋ ಅಂತ.

ವೈರಾಯ್ಡ್ ವಿಷಯಕ್ಕೆ ಬಂದರೆ ಎಲೈಸಾ ಕೈಕೊಡುವುದು ಬೇರೆ ಕಾರಣಕ್ಕೆ. 1971ರಲ್ಲಿ ಥಿಯೋಡೋರ್ ಡೈನರ್ ತೋರಿಸಿಕೊಟ್ಟ ಹಾಗೆ, ಸ್ಪಿಂಡಲ್ ಟ್ಯೂಬರ್ ರೋಗದ ಹಿಂದೆ ಇರುವುದು ಪ್ರೋಟೀನ್ ಕವಚವೇ ಇಲ್ಲದ ಬೆತ್ತಲೆ ಆರ್‌ಎನ್‌ಎ. ಸುಮಾರು 359 ಅಕ್ಷರಗಳ ಒಂದು ಉಂಗುರ, ಅಷ್ಟೇ. ಎಲೈಸಾ ಹಿಡಿಯುವುದು ಪ್ರೋಟೀನನ್ನು. ಇಲ್ಲಿ ಹಿಡಿಯಲು ಏನೂ ಇಲ್ಲ. ಆರ್‌ಟಿ-ಪಿಸಿಆರ್ ಅಥವಾ ಆರ್‌ಎನ್‌ಎ ಹುಡುಕುವ ಬೇರೆ ವಿಧಾನವೇ ಬೇಕು. ಆಲೂಗಡ್ಡೆಗೆ ‘ಎಲ್ಲ ವೈರಸ್‌ಗಳಿಗೂ ಎಲೈಸಾ ಮಾಡಿದೆ’ ಅಂತ ಬರೆದ ಪ್ರಮಾಣಪತ್ರ ನೋಡಿದರೆ ನನಗೆ ನಗು ಬರುತ್ತದೆ. ಶುದ್ಧ ಮಾಡುವುದರಲ್ಲೂ ಇದು ಉಲ್ಟಾ. ಸಾಮಾನ್ಯ ವೈರಸ್‌ಗಳನ್ನು ಓಡಿಸಲು ಗಿಡವನ್ನು 36-37 ಡಿಗ್ರಿ ಬಿಸಿಯಲ್ಲಿಟ್ಟು ತುದಿ ಕತ್ತರಿಸಿ ಬೆಳೆಸುತ್ತಾರೆ. ಈ ವೈರಾಯ್ಡ್‌ಗೆ ಬಿಸಿ ಅಂದರೆ ಹಬ್ಬ. ಅದು ಅಲಂಕಾರಿಕ ಗಿಡಗಳಲ್ಲಿ ಲಕ್ಷಣವಿಲ್ಲದೆ ಕೂತಿರುತ್ತದೆ ಅನ್ನೋದನ್ನೂ ಮರೆಯಬೇಡಿ. ಆಲೂಗಡ್ಡೆಯ ಬಾಗಿಲಿಗೆ ಬೀಗ ಹಾಕಿ ಹೂಗಿಡದ ಬಾಗಿಲು ತೆರೆದಿಟ್ಟರೆ ಏನು ಬಂತು?

ಇನ್ನು ಎಷ್ಟು ಗೆಡ್ಡೆ ಪರೀಕ್ಷಿಸಬೇಕು ಅನ್ನೋ ಲೆಕ್ಕ. ಮಾಲಿನಲ್ಲಿ 100ಕ್ಕೆ ಒಂದು ಗೆಡ್ಡೆಗೆ ಸೋಂಕಿದೆ ಅಂದುಕೊಳ್ಳಿ. ನೀವು 100 ಗೆಡ್ಡೆ ಆರಿಸಿ ಪರೀಕ್ಷಿಸಿದಿರಿ. ಒಂದಾದರೂ ಸಿಕ್ಕೇ ಸಿಗುತ್ತದೆ ಅಂತ ಅನ್ನಿಸುತ್ತದಲ್ವಾ? ಇಲ್ಲ. ಒಂದು ಗೆಡ್ಡೆ ಶುದ್ಧವಾಗಿರುವ ಸಾಧ್ಯತೆ 0.99. ಅದನ್ನು ನೂರು ಸಲ ಗುಣಿಸಿ, 0.37ರ ಹತ್ತಿರ ಬರುತ್ತದೆ. ಅಂದರೆ 100 ಸಲದಲ್ಲಿ 37 ಸಲ ಸೋಂಕು ನಿಮ್ಮ ಕಣ್ಣು ತಪ್ಪಿಸುತ್ತದೆ. ತಪ್ಪುವುದನ್ನು 5ಕ್ಕೆ ಇಳಿಸಬೇಕಾದರೆ 300 ಗೆಡ್ಡೆ ಬೇಕು. ಸೋಂಕು ಸಾವಿರಕ್ಕೆ ಒಂದು ಅಂದರೆ ಸುಮಾರು 3,000. ಪರೀಕ್ಷೆ ಪರ್ಫೆಕ್ಟ್ ಆಗಿದೆ, ಆರಿಸಿದ್ದು ಎಲ್ಲ ಮೂಲೆಯಿಂದ ಅಂತ ಇಟ್ಟುಕೊಂಡರೆ ಇಷ್ಟು. ನಿಜದಲ್ಲಿ ಜಾಸ್ತಿಯೇ. ಅದಕ್ಕೇ ದೊಡ್ಡ ಹಡಗಿನ ಮಾಲನ್ನು ಬಂದರಿನ ಪರೀಕ್ಷೆಯಿಂದಲೇ ಸಂಭಾಳಿಸುತ್ತೇವೆ ಅನ್ನುವ ಶಿಫಾರಸಿಗೆ ನಾನು ಸಹಿ ಹಾಕುವುದಿಲ್ಲ. ಬೆಳೆಯುವ ಜಾಗದಲ್ಲೇ ವೈರಸ್ ಇಲ್ಲದಿರುವುದು, ತಾಯಿ ಗಿಡವನ್ನು ಒಂದೊಂದಾಗಿ ಪರೀಕ್ಷಿಸಿರುವುದು, ಬಂದ ಮೇಲೆ ಮುಚ್ಚಿದ ಮನೆಯಲ್ಲಿ ಬೆಳೆಸಿ ನೋಡುವುದು, ಇವುಗಳಲ್ಲಿ ಒಂದಾದರೂ ಬೇಕು. ನಾಲ್ಕು ನಳಿಗೆ ಸಸಿ ಬಂದರೆ ನಾಲ್ಕನ್ನೂ ಪರೀಕ್ಷಿಸಿ, ಅಲ್ಲಿ ಲೆಕ್ಕಾಚಾರ ಬೇಡ.

ಅಂಕ ಕೊಡುವಾಗ

ಒಳಬರುವುದು, ನೆಲೆ ನಿಲ್ಲುವುದು, ಹರಡುವುದು, ಹೊಡೆತ. ನಾಲ್ಕಕ್ಕೂ ಅಂಕ ಕೊಟ್ಟು ಕೂಡಿ ಸರಾಸರಿ ತೆಗೆಯುವವರಿದ್ದಾರೆ. ಇದು ತಪ್ಪು. ಮೊದಲ ಮೂರು ಒಂದು ಸರಪಳಿ. ಒಂದು ಕೊಂಡಿ ನಿಜವಾಗಿ ಕಡಿದಿದ್ದರೆ ಉಳಿದವು ಎಷ್ಟು ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ. ಸರಾಸರಿ ತೆಗೆದರೆ ಆ ಕಡಿದ ಕೊಂಡಿ ಕಾಣದ ಹಾಗೆ ಮುಚ್ಚಿಹೋಗುತ್ತದೆ. ನಾನು ಅಂಕಕ್ಕಿಂತ ವಾಕ್ಯವನ್ನೇ ನಂಬುತ್ತೇನೆ. ಪ್ರತಿ ಕೊಂಡಿಗೂ ಒಂದು ವಾಕ್ಯ, ಅದರ ಪಕ್ಕ ‘ಇದು ಎಷ್ಟು ಖಚಿತ’ ಅಂತ ಇನ್ನೊಂದು. ಅಪಾಯ ಕಡಿಮೆ ಅಂತ ಖಚಿತವಾಗಿ ಗೊತ್ತಿರುವುದು ಒಂದು, ಅಪಾಯ ಕಡಿಮೆ ಅಂತ ಊಹಿಸುವುದು ಇನ್ನೊಂದು. ಓದುವವರಿಗೆ ಎರಡೂ ಬೇರೆಯಾಗಿ ಕಾಣಬೇಕು.

ಈಗ ಹೊಸ ತಲೆನೋವು ಬಂದಿದೆ. ಜೀನ್ ಅನುಕ್ರಮ ಓದುವ ಯಂತ್ರಗಳು ಒಂದೇ ಎಲೆಯಲ್ಲಿ ಹೆಸರೇ ಕೇಳದ ವೈರಸ್‌ಗಳನ್ನು ಎತ್ತಿ ತೋರಿಸುತ್ತವೆ. ಅನುಕ್ರಮ ಇದೆ, ಅದು ಗಿಡಕ್ಕೆ ಏನು ಮಾಡುತ್ತದೆ, ಹೇಗೆ ದಾಟುತ್ತದೆ ಯಾವುದೂ ಇಲ್ಲ. ಎಲ್ಲವನ್ನೂ ಪಟ್ಟಿಗೆ ತುರುಕಿದರೆ ತಳಿ ತರಿಸುವ ಕೆಲಸವೇ ನಿಲ್ಲುತ್ತದೆ. ನಾನು ಅದರ ಹತ್ತಿರದ ನಂಟರು ಯಾರು ಅಂತ ನೋಡುತ್ತೇನೆ. ಅದೇ ಕುಲದ ಉಳಿದವು ಬೀಜದಲ್ಲಿ ಬರುತ್ತವಾ, ಜೀರುಂಡೆ ಒಯ್ಯುತ್ತದಾ, ಮುಟ್ಟಿದರೆ ಅಂಟುತ್ತದಾ? ಅಷ್ಟು ಬರೆದು ‘ನಂಟರಿಂದ ಊಹಿಸಿದ್ದು’ ಅಂತ ಸೇರಿಸಿ, ಕಿನೋವಾ, ನಿಕೋಟಿಯಾನ ಬೆಂಥಮಿಯಾನದಂಥ ಸೂಚಕ ಗಿಡಗಳಿಗೆ ಉಜ್ಜಿ ನೋಡಲು ಕೇಳುತ್ತೇನೆ. ಹಳೆ ಕಾಲದ ವಿಧಾನ ಅಂತ ಮೂಗು ಮುರಿಯಬೇಡಿ. ಹೆಸರು ಗೊತ್ತಿಲ್ಲದ ವೈರಸ್ಸನ್ನೂ ಆ ಗಿಡ ತೋರಿಸಬಲ್ಲದು, ಪಿಸಿಆರ್‌ಗೆ ಮೊದಲೇ ಹೆಸರು ಗೊತ್ತಿರಬೇಕು.

ಕೊನೆಯ ಪುಟದಲ್ಲಿ ನಾನು ಯಾವಾಗಲೂ ಎರಡು ಸಾಲು ಬಿಡುತ್ತೇನೆ: ಯಾವ ಹೊಸ ಸುದ್ದಿ ಬಂದರೆ ಈ ತೀರ್ಮಾನ ಬದಲಾಗುತ್ತದೆ, ಮತ್ತು ಮತ್ತೆ ಯಾವಾಗ ತೆರೆದು ನೋಡಬೇಕು. ಪಿವಿಟಿ ಫೈಲ್ ತಿದ್ದಿ ಬರೆದಾಗ ಮೊದಲ ಸಾಲಿಗೆ ಹಾಕಿದ್ದು ‘ವಾಹಕ ಕೀಟ ಪತ್ತೆಯಾದರೆ’ ಅಂತ. ಹರಡುವ ಸಾಧ್ಯತೆಯ ಎದುರು ಈಗ ಹೀಗಿದೆ: ‘ಗೆಡ್ಡೆ, ಬೀಜ, ಪರಾಗ. ಬಿತ್ತನೆ ಹೊಲಕ್ಕೆ ಹೋದರೆ ಮಧ್ಯಮ, ಮುಚ್ಚಿದ ಮನೆಯಲ್ಲೇ ಉಳಿದರೆ ಕಡಿಮೆ.’ ಮೇಡಂ ಅದನ್ನು ಓದಿ, ಏನೂ ಹೇಳದೆ ಪೆನ್ಸಿಲ್‌ನಲ್ಲಿ ಸಣ್ಣ ಟಿಕ್ ಹಾಕಿ ಕಳಿಸಿದರು.